ಝಾಡಿಸಿ ಕೊಡುವ ಊರು

ನಾನು ಸಿಂದಗಿಗೆ ಬಂದ ಮರುದಿನ ಬೆಳಿಗ್ಗೆ ಮನೆಯ ಮಾಲಕಿ ನನ್ನ ಹೊಸ ಚಪ್ಪಲಿಯನ್ನು ಎತ್ತಿ ಹೊಸ್ತಿಲ ಹೊರಗಿನ ಕಲ್ಲಿಗೆ ಬಡಿದರು. ಒಂದಲ್ಲ, ನಾಲ್ಕು ಏಟು. ಬ್ರಷ್ ಹಿಡಿದು ಬಾಗಿಲಲ್ಲಿ ನಿಂತಿದ್ದ ನಾನು ಬಾಯಲ್ಲಿದ್ದ ನೊರೆಯನ್ನು ಉಗುಳುವುದನ್ನೂ ಮರೆತೆ. ಬಂದು ಒಂದು ದಿನ ಕಳೆದಿಲ್ಲ, ಇಷ್ಟು ಬೇಗ ನಾನು ಮಾಡಿದ ತಪ್ಪಾದರೂ ಏನು ಎಂದು ಯೋಚಿಸುತ್ತಿರುವಾಗ, ಬೆರಳು ಮುಚ್ಚುವಂಥ ಆ ಚಪ್ಪಲಿಯ ಒಳಗಿನಿಂದ ಏನೋ ಜಾರಿ ಕೆಳಗೆ ಬಿತ್ತು. ಕಿರುಬೆರಳಿನಷ್ಟು ಉದ್ದ. ಒಣಹುಲ್ಲಿನ ಬಣ್ಣಕ್ಕೆ ಸ್ವಲ್ಪ ಕೆಂಪು ಬೆರೆತಂತೆ ಇತ್ತು. ಬಾಲವನ್ನು ಬೆನ್ನ ಮೇಲೆ ಮಡಚಿಕೊಂಡು ಎರಡು ಹೆಜ್ಜೆ ನಡೆಯಿತು. ಮಾಲಕಿ ಅದೇ ಚಪ್ಪಲಿಯನ್ನು ಅದರ ಮೇಲಿಟ್ಟು ಒತ್ತಿದರು. ಆಮೇಲೆ ಜೋಡಿಯನ್ನು ನನ್ನ ಮುಂದೆ ನೀಟಾಗಿ ಇಟ್ಟರು.

"ನೋಡವಾ, ಇಲ್ಲೆ ಏನ ಮೈಮ್ಯಾಲೆ ಹಾಕ್ಕೊಳ್ಳೋದಿದ್ರೂ ಮೊದಲ ಝಾಡಸಬೇಕು. ಚಪ್ಪಲಿ ಇರ್ಲಿ, ಹಾಸಿಗಿ ಇರ್ಲಿ, ಸೀರಿ ಇರ್ಲಿ. ಝಾಡಸದ ಯಾವದನ್ನೂ ಮುಟ್ಟಬ್ಯಾಡ."

ಝಾಡಿಸುವುದು ಅಂದರೆ ಕೊಡವುವುದು. ಈ ಊರಿನಲ್ಲಿ ನಾನು ಕಲಿತ ಮೊದಲ ಮಾತು ಇದು. ಕಲಿತದ್ದೇನೋ ಕಲಿತೆ, ಆದರೆ ಆ ದಿನ ಚಪ್ಪಲಿ ಹಾಕಿಕೊಳ್ಳುವ ಧೈರ್ಯ ಬರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಅಂಗಳದ ಕಲ್ಲು ದೋಸೆ ಹುಯ್ಯುವಷ್ಟು ಕಾದಿತ್ತು. ಬರಿಗಾಲಿನಲ್ಲಿ ಕುಣಿಯುತ್ತ ನಲ್ಲಿಯಿಂದ ಎರಡು ಕೊಡ ನೀರು ತಂದೆ. ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ನನ್ನ ಊರು ಕುಂದಾಪುರದ ಹತ್ತಿರ, ಕಡಲ ಸದ್ದು ಅಡುಗೆಮನೆಯವರೆಗೂ ಕೇಳುವಂಥ ಜಾಗ. ನಮ್ಮ ಕಡೆಯವರು ಹೋಟೆಲ್ ಇಡದ ಊರು ಈ ಬಯಲುಸೀಮೆಯಲ್ಲಿ ಸಿಗುವುದು ಕಷ್ಟ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಸಿಂದಗಿಯ ಬಸ್ ನಿಲ್ದಾಣದ ಹತ್ತಿರ ನನ್ನ ಗಂಡನ ಸೋದರಮಾವನದ್ದೂ ಒಂದು ಇದೆ. ಮಾವನಿಗೆ ಮೊಣಕಾಲು ನೋವು ಹೆಚ್ಚಾಗಿ ನಿಲ್ಲಲಾಗದೆ ಹೋದಾಗ ಅಳಿಯನನ್ನು ಕರೆದರು. ಅಳಿಯನ ಹಿಂದೆ ನಾನು, ನನ್ನ ಹಿಂದೆ ಬಸ್ಸಿನ ಮೇಲೆ ಹಗ್ಗ ಬಿಗಿದು ತಂದ ನನ್ನ ಹೊಲಿಗೆ ಯಂತ್ರ. ಊರಿನಿಂದ ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ, ಅಲ್ಲಿ ತುಂಬ ಸೆಖೆಯಂತಲ್ಲ, ಹೇಗಿದ್ದೀ ಎಂದು. ಅದಕ್ಕೆ ಉತ್ತರ ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಇಲ್ಲಿ ಸೆಖೆ ಇಲ್ಲ. ಸೆಖೆ ಅಂದರೆ ನಮ್ಮಲ್ಲಿಯದು, ಒದ್ದೆ ಬಟ್ಟೆಯಂತೆ ಮೈಗೆ ಅಂಟಿಕೊಳ್ಳುವಂಥದ್ದು. ಇಲ್ಲಿಯದಕ್ಕೆ ಝಳ ಎನ್ನುತ್ತಾರೆ. ಬೆವರು ಕಾಣಿಸಿಕೊಳ್ಳುವ ಮೊದಲೇ ಆರಿ, ಮುಖದ ಮೇಲೆ ಉಪ್ಪಿನ ಪುಡಿ ಉಳಿಯುತ್ತದೆ. ಕೊನೆಯ ಬಟ್ಟೆಯನ್ನು ತಂತಿಗೆ ಹಾಕುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ಆಷಾಢದಲ್ಲಿ ಒಲೆಯ ಮೇಲೆ ಬಟ್ಟೆ ಒಣಗಿಸಿ, ಹೊಗೆಯ ವಾಸನೆ ಹೊತ್ತು ಶಾಲೆಗೆ ಹೋದವಳು ನಾನು. ಆ ಒಣ ಬಟ್ಟೆಗಳನ್ನು ನೋಡಿ ಮೊದಲ ವಾರ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅದೊಂದೇ ವಿಷಯದಲ್ಲಿ ನಾನು ಈ ಊರಿನ ಪರವಾಗಿ ಅಮ್ಮನೊಡನೆ ವಾದಿಸಿದ್ದು.

ಉಳಿದದ್ದಕ್ಕೆಲ್ಲ ಹೆದರಿಕೆ. ಇದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ. ಇಲ್ಲಿಯ ಜನ ಮನೆಯೊಳಗೆ ಇರುವುದು ಅಡುಗೆಗೆ ಮತ್ತು ಮಧ್ಯಾಹ್ನದ ಬಿಸಿಲಿಗೆ ಮಾತ್ರ. ತಲೆ ಬಾಚುವುದು, ಜೋಳ ಹಸನು ಮಾಡುವುದು, ಮಕ್ಕಳನ್ನು ಓದಿಸುವುದು, ಜಗಳ ಆಡುವುದು, ಎಲ್ಲವೂ ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ. ಬೇಸಿಗೆಯಲ್ಲಿ ಮಲಗುವುದೂ ಮಾಳಿಗೆಯ ಮೇಲೆ, ಬರಿಯ ಆಕಾಶದ ಕೆಳಗೆ. ನನಗೋ ಹೊರಗೆ ಕಾಲಿಟ್ಟರೆ ಸಾಕು, ಎಲ್ಲವೂ ಮೈಮೇಲೆ ಬರುತ್ತಿದೆ ಅನ್ನಿಸುತ್ತಿತ್ತು. ಗುಂಗಾಡ ಎಂದು ಇವರು ಕರೆಯುವ ಸೊಳ್ಳೆ ಸಂಜೆಗೆ ಕಿವಿಯ ಹತ್ತಿರವೇ ಹಾಡುತ್ತದೆ. ತಟ್ಟೆಗೆ ಅನ್ನ ಬೀಳುವ ಮೊದಲೇ ನೊಣ ಬಂದು ಕೂರುತ್ತದೆ. ಬಟ್ಟಬಯಲಲ್ಲಿ ಎಲ್ಲಿಂದಲೋ ಸುಂಟರಗಾಳಿ ಎದ್ದು, ಓಣಿಯ ಕಸವನ್ನೆಲ್ಲ ಗಿರ್ರನೆ ತಿರುಗಿಸುತ್ತ ನೇರ ನನ್ನ ಬಾಗಿಲಿಗೇ ಬರುತ್ತದೆ. ಬಾಗಿಲ ಮುಂದೆ ಕೆಂಪಿರುವೆಗಳ ಮೆರವಣಿಗೆ ಯಾವ ಹೊತ್ತಿಗೂ ಇದ್ದೇ ಇದೆ. ನನ್ನ ಗಂಡ ಹೋಟೆಲಿನಿಂದ ಬಂದಾಗಲೆಲ್ಲ ಬಾಗಿಲು ಒಳಗಿನಿಂದ ಚಿಲಕ ಹಾಕಿರುತ್ತಿತ್ತು. ಇರುವೆಗಳು ಬಾಗಿಲು ಬಡಿದು ಒಳಗೆ ಬರುತ್ತವೇನು ಎಂದು ಅವರು ಛೇಡಿಸುತ್ತಿದ್ದರು.

ಮಾಲಕಿಯ ಹೆಸರು ಇಂದೂಬಾಯಿ. ಓಣಿಗೆಲ್ಲ ಇಂದೂ ಕಾಕು. ಕಾಕು ಅಂದರೆ ಚಿಕ್ಕಮ್ಮ. ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು, ಮಗ ಸೊಸೆಯೊಂದಿಗೆ ಮುಂದಿನ ಭಾಗದಲ್ಲಿ ಇದ್ದಾರೆ. ಹಿಂದಿನ ಎರಡು ಕೋಣೆ ನಮ್ಮದು. ಅವರ ಮನೆಮಾತು ಮರಾಠಿ, ಬೀದಿಮಾತು ಕನ್ನಡ. ಚೇಳಿಗೆ ಬೈಯುವಾಗ ಮರಾಠಿ, ನನಗೆ ಬುದ್ಧಿ ಹೇಳುವಾಗ ಕನ್ನಡ. ನನ್ನ ಹೆದರಿಕೆಯನ್ನು ಕಂಡು ಅವರು ಎಂದೂ ನಗಲಿಲ್ಲ. ಹೆದರುವುದನ್ನು ಸರಿಯಾಗಿ ಕಲಿಸಿದರು ಅಷ್ಟೇ. ನಮ್ಮೂರಿನಲ್ಲಿ ಚೇಳು ಇಲ್ಲವೆಂದಲ್ಲ. ಕೆಂಪುಕಲ್ಲಿನ ಸಂದಿಯಿಂದ ಅಂಗೈಯಗಲದ ಕಪ್ಪು ಚೇಳು ಹೊರಬಂದರೆ ಮನೆಮಂದಿಯೆಲ್ಲ ಕಿರುಚುತ್ತಿದ್ದೆವು. ಕಡಿದರೆ ಎರಡು ದಿನ ಉರಿದು ಸುಮ್ಮನಾಗುತ್ತಿತ್ತು. ದೊಡ್ಡದನ್ನು ಕಂಡು ಹೆದರುವ ಕಣ್ಣು ನನ್ನದು. ಇಲ್ಲಿ ಸಣ್ಣದಕ್ಕೇ ಅಂಜಬೇಕು, ಅದರಲ್ಲೂ ಕೆಂಪಗಿನ ಸಣ್ಣದಕ್ಕೆ, ಅದು ಮಕ್ಕಳ ಎದೆಗೇ ಕೈ ಹಾಕುತ್ತದೆ ಎಂದು ಕಾಕು ಹೇಳಿದ ದಿನ ನಾನು ಊಟ ಮಾಡಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಕಸ್ತೂರಿ ಇದ್ದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಅವಳ ಗಂಡ ಕುರಿಗಾರ. ಮಂದೆ ಹೊಡೆದುಕೊಂಡು ವರ್ಷದ ಅರ್ಧ ಕೊಲ್ಹಾರದ ಕಡೆ, ಕೃಷ್ಣಾ ಹಿನ್ನೀರಿನ ದಂಡೆಯಲ್ಲಿ ಇರುತ್ತಾನೆ. ಬರುವಾಗ ಅಲ್ಲಿಯ ಗಟ್ಟಿ ಮೊಸರಿನ ಗಡಿಗೆ ತರುತ್ತಾನೆ. ಒಮ್ಮೆ ನನಗಾಗಿ ಹೊಳೆಯ ಮೀನನ್ನೂ ತಂದುಕೊಟ್ಟ. ಉಪ್ಪುನೀರಿನ ಮೀನು ತಿಂದು ಬೆಳೆದ ನನ್ನ ನಾಲಿಗೆಗೆ ಅದು ಸಪ್ಪೆ ಎನ್ನಿಸಿದರೂ ಪೂರ್ತಿ ತಿಂದೆ. ಇವರ ಮಗಳು ಭಾಗ್ಯಶ್ರೀ, ಎಲ್ಲರಿಗೂ ಭಾಗಿ. ಆಗ ಐದು ವರ್ಷ. ನನ್ನ ಹೊಲಿಗೆ ಯಂತ್ರದ ಕೆಳಗೆ ಕುಳಿತು ಬಣ್ಣದ ಬಟ್ಟೆಯ ಚೂರುಗಳನ್ನು ಆರಿಸುವುದು ಅವಳ ದಿನದ ಕೆಲಸ. ನನಗೆ ಮಕ್ಕಳಿಲ್ಲ. ಬಾಗಿಲಿಗೆ ಚಿಲಕ ಹಾಕದೆ ಕೂರಲು ನಾನು ಕಲಿತದ್ದು ಅವಳು ಬರಲಿ ಎಂದು.

ಒಂದು ಸಲ ಕಸ್ತೂರಿಯೊಡನೆ ಹೊಲಕ್ಕೆ ಸೊಪ್ಪು ತರಲು ಹೋಗಿದ್ದೆ. ಎರೆನೆಲ ಬೇಸಿಗೆಗೆ ಬಿರಿದು, ಮೊಣಕೈವರೆಗೆ ಕೈ ಇಳಿಯುವಷ್ಟು ಆಳದ ಬಿರುಕುಗಳಾಗಿದ್ದವು. ನಾನು ಬಗ್ಗಿ ನೋಡಿದೆ. ಒಳಗೆ ಬರೀ ಕತ್ತಲೆ. ಆ ಕತ್ತಲೆಯಿಂದ ಯಾವುದೋ ನನ್ನನ್ನು ನೋಡುತ್ತಿದೆ ಎನ್ನಿಸಿ ಹಿಂದೆ ಸರಿದೆ. ಇಂಥ ನೆಲದ ಮೇಲೆ ಹೇಗೆ ಬದುಕುತ್ತೀರಿ ಎಂದು ಕೇಳಿಯೇಬಿಟ್ಟೆ. ಕಸ್ತೂರಿ ನನ್ನನ್ನೇ ತಿರುಗಿ ಕೇಳಿದಳು.

"ನೀವು ಅಷ್ಟ ದೊಡ್ಡ ನೀರು ಬಾಜೂಕ ಇಟ್ಕೊಂಡು ಹೆಂಗ ಮಲಗತಿದ್ರಿ, ಅಕ್ಕಾರ?"

ರೂಢಿ ಎಂದೆ. ತಮ್ಮದೂ ಅಷ್ಟೇ ಎಂದಳು. ಕಡಲು ಪ್ರತಿ ಮಳೆಗಾಲ ನಮ್ಮೂರಿನ ಯಾರಾದರೊಬ್ಬರನ್ನು ಕರೆದುಕೊಳ್ಳುತ್ತಿತ್ತು, ಆದರೂ ನಾವು ಅದರ ಸದ್ದಿಗೇ ನಿದ್ದೆ ಹೋಗುತ್ತಿದ್ದೆವು ಎಂಬುದು ಅಲ್ಲಿಯವರೆಗೆ ನನಗೆ ವಿಚಿತ್ರ ಎನ್ನಿಸಿರಲಿಲ್ಲ. ಅಂದು ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದೆ.

ಈಗ ಝಾಡಿಸುವ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಎಲ್ಲ ನಡೆದದ್ದು ಅದರಿಂದಲೇ. ಬೆಳಿಗ್ಗೆ ಈ ಓಣಿ ಎಚ್ಚರಾಗುವುದು ಆ ಸದ್ದಿನಿಂದ. ಕೌದಿ ಅಂದರೆ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ದಪ್ಪ ಹೊದಿಕೆ. ಅದನ್ನು ಇಬ್ಬರು ಎರಡು ಕಡೆ ಹಿಡಿದು ಪಟ್ ಪಟ್ ಎಂದು ಝಾಡಿಸುತ್ತಾರೆ. ಶಾಲೆಗೆ ಹೋಗುವ ಮಕ್ಕಳು ಬೂಟು ಬಡಿಯುತ್ತಾರೆ, ಗಂಡಸರು ಅಂಗಿ ಬಡಿಯುತ್ತಾರೆ. ಇದಿಷ್ಟೇ ಆಗಿದ್ದರೆ ನನಗೂ ಕಷ್ಟವಿರಲಿಲ್ಲ. ಆದರೆ ಇಲ್ಲಿ ಇನ್ನೊಬ್ಬರಿಗೆ ಬಟ್ಟೆ ಕೊಡುವಾಗಲೂ ಕೊಡುವವರೇ ಅವರ ಎದುರಿಗೆ ಝಾಡಿಸಿ ಕೊಡಬೇಕು. ತೆಗೆದುಕೊಂಡವರು ಮತ್ತೊಮ್ಮೆ ಝಾಡಿಸುವುದಿಲ್ಲ. ಹಾಗೆ ಮಾಡಿದರೆ ಕೊಟ್ಟವರ ಮೇಲೆ ನಂಬಿಕೆ ಇಲ್ಲ ಎಂದಂತೆ.

ನಮ್ಮ ಮನೆಯಲ್ಲಿ ಇದಕ್ಕೆ ಪೂರ್ತಿ ವಿರುದ್ಧ. ಎದುರಿಗೆ ಜನ ಇರುವಾಗ ಬಟ್ಟೆ ಕೊಡವಬಾರದು ಎಂದು ಅಮ್ಮ ನನಗೆ ಲಂಗ ಉಡುವ ವಯಸ್ಸಿನಿಂದ ಹೇಳಿಕೊಟ್ಟಿದ್ದಾಳೆ. ನೀವು ನನಗೆ ಧೂಳಿಗೆ ಸಮ ಎಂದು ಮುಖಕ್ಕೆ ಹೇಳಿದ ಹಾಗಂತೆ. ಕೊಡುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಅಂಚು ಸರಿಮಾಡಿ, ಎರಡೂ ಕೈಯಲ್ಲಿ ಕೊಡಬೇಕು. ಹೊಲಿಗೆಯವಳಾದ ನನಗೆ ಈ ಮಡಿಕೆಯ ಮೇಲೆ ಅಭಿಮಾನವೂ ಇತ್ತು. ಹಾಗಾಗಿ ನಾನೊಂದು ದಾರಿ ಕಂಡುಕೊಂಡೆ. ಹೊಲಿದ ಕುಪ್ಪಸವನ್ನು ಒಳಕೋಣೆಯಲ್ಲಿ ಝಾಡಿಸಿ, ಮಡಿಸಿ, ಹೊರಗೆ ತಂದು ಎರಡೂ ಕೈಯಲ್ಲಿ ಕೊಡುತ್ತಿದ್ದೆ. ಹೆಂಗಸರು ಮೊದಮೊದಲು ಮುಖ ಮುಖ ನೋಡಿಕೊಂಡರೂ, ಈಕೆ ಒಳಗೆ ಝಾಡಿಸಿ ತರುತ್ತಾಳೆ ಎಂದು ಒಪ್ಪಿಕೊಂಡರು. ಎರಡೂ ಊರನ್ನು ಸಂಭಾಳಿಸಿದೆ ಎಂದು ನನ್ನಷ್ಟಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಶ್ರಾವಣ ಬಂತು. ನಾಗರಪಂಚಮಿಯ ಹಿಂದಿನ ದಿನ ಇಲ್ಲಿ ರೊಟ್ಟಿ ಪಂಚಮಿ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿ, ತುಂಬಿದ ಬದನೆಕಾಯಿ, ಕೆನೆಮೊಸರು, ಇವನ್ನೆಲ್ಲ ಬುಟ್ಟಿಯಲ್ಲಿಟ್ಟುಕೊಂಡು ಹೆಂಗಸರು ಮನೆಯಿಂದ ಮನೆಗೆ ಹೋಗಿ ಹಂಚಿಕೊಳ್ಳುತ್ತಾರೆ. ಇಂಥ ಹಬ್ಬ ನಮ್ಮಲ್ಲಿಲ್ಲ. ಭಾಗಿಗೆ ಅಂದು ಒಂದು ಹೊಸ ಫ್ರಾಕು ಕೊಡಬೇಕೆಂದು ನನ್ನದೇ ಒಂದು ಗುಲಾಬಿ ಸೀರೆಯನ್ನು ಕತ್ತರಿಸಿ, ತೋಳಿಗೆ ನೆರಿಗೆ ಇಟ್ಟು ಹೊಲಿದೆ. ಹಿಂದಿನ ದಿನ ಸಂಜೆ ಮುಗಿಸಿ, ಮಡಿಸಿ, ಕಿಟಕಿಯ ಪಕ್ಕದ ಗೋಡೆಗೂಡಿನಲ್ಲಿ ಇಟ್ಟೆ.

ಆ ಎರಡು ದಿನ ಒಳ್ಳೆಯ ಮಳೆಯಾಗಿತ್ತು. ಎಷ್ಟೋ ತಿಂಗಳ ಮೇಲೆ ಮಣ್ಣಿನ ವಾಸನೆ, ತಗಡಿನ ಮೇಲೆ ಹನಿ ಬೀಳುವ ಸದ್ದು. ಓಣಿಯವರೆಲ್ಲ ಸಂಜೆಗೇ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಗೋಣಿಚೀಲ ತುರುಕಿದರು. ಕಾಕು ನನಗೂ ಹೇಳಿದ್ದರು. ಮಳೆನೀರು ಇಳಿದರೆ ನೆಲದ ಬಿರುಕಿನಲ್ಲಿದ್ದವೆಲ್ಲ ಒಣ ಜಾಗ ಹುಡುಕಿಕೊಂಡು ಮನೆಗೆ ಬರುತ್ತವೆ ಎಂದು ಎಚ್ಚರಿಸಿದ್ದರು. ನನ್ನ ಕಿವಿಗೆ ಅದು ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಇಡೀ ವರ್ಷ ಕಿಟಕಿ ಮುಚ್ಚಿ ಕೂತವಳು ನಾನು. ಮಳೆ ಬಂದ ಆ ಒಂದೇ ದಿನ ಊರಿಗೆ ಹೋದಂತಾಗಿ, ಕಿಟಕಿ ತೆರೆದಿಟ್ಟು ಅದರ ಹತ್ತಿರವೇ ಕುಳಿತಿದ್ದೆ.

ಬೆಳಿಗ್ಗೆ ಕಸ್ತೂರಿ ರೊಟ್ಟಿಯ ಬುಟ್ಟಿ ಹೊತ್ತು ಬಂದಳು. ಪಕ್ಕದಲ್ಲಿ ಭಾಗಿ, ಎಣ್ಣೆ ಹಚ್ಚಿ ಎರಡು ಜಡೆ ಹಾಕಿಸಿಕೊಂಡು, ಬರಿಯ ಒಳ‌ಅಂಗಿಯಲ್ಲಿ. ಹೊಸ ಫ್ರಾಕು ಇದೆ ಎಂದು ಅವಳಿಗೆ ಗೊತ್ತಾಗಿತ್ತು. ನಾನು ಅರಿಸಿನ ಕುಂಕುಮ ಕೊಟ್ಟೆ. ಗೂಡಿನಿಂದ ಮಡಿಕೆಯನ್ನು ತೆಗೆದು, ಅಂಚು ಸರಿಮಾಡಿ, ಎರಡೂ ಕೈಯಲ್ಲಿ ಭಾಗಿಯ ಮುಂದೆ ಹಿಡಿದೆ. ಹೊಸ ಬಟ್ಟೆ, ನಿನ್ನೆ ಸಂಜೆಯಷ್ಟೇ ನನ್ನ ಕೈಯಿಂದ ಇಳಿದದ್ದು, ಅದರಲ್ಲಿ ಏನಿರುತ್ತದೆ ಎಂದು ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಒಳಗೆ ಹೋಗಿ ಝಾಡಿಸಲಿಲ್ಲ. ನಾನು ಝಾಡಿಸಿರುತ್ತೇನೆ ಎಂದು ಕಸ್ತೂರಿ ನಂಬಿದ್ದಳು. ಭಾಗಿ ಎರಡೂ ಕೈಯನ್ನು ಒಟ್ಟಿಗೆ ಫ್ರಾಕಿನ ತೋಳುಗಳೊಳಗೆ ತುರುಕಿದಳು.

ಅವಳು ಕಿರುಚಿದ್ದು ನನಗೆ ಇವತ್ತಿಗೂ ಕೇಳುತ್ತದೆ. ಕಸ್ತೂರಿಯ ಬುಟ್ಟಿ ಕೆಳಗೆ ಬಿತ್ತು. ಫ್ರಾಕನ್ನು ಎಳೆದು ಬಿಸಾಡಿದಾಗ ನೆರಿಗೆಯ ಒಳಗಿನಿಂದ ಅದು ಹೊರಗೆ ಬಂತು. ಒಣಹುಲ್ಲಿನ ಬಣ್ಣ, ಸ್ವಲ್ಪ ಕೆಂಪು. ಕಿರುಬೆರಳಿನಷ್ಟೇ.

ಓಣಿಯವರು ಸೇರಿದರು. ಹಿಂದಿನ ಗಲ್ಲಿಯಲ್ಲಿ ಮಂತ್ರ ಹಾಕುವವರಿದ್ದಾರೆ, ಎರಡು ನಿಮಿಷದ ದಾರಿ ಎಂದು ಯಾರೋ ಅಂದರು. ಕಸ್ತೂರಿ ಆ ಕಡೆ ತಿರುಗಿದ್ದಳು ಕೂಡ. ಇಂದೂ ಕಾಕು ಮೆಟ್ಟಿಲಿಳಿದು ಬಂದವರೇ ದಾರಿಗೆ ಅಡ್ಡ ನಿಂತರು.

"ಮಂತ್ರ ನಾಳೆ ಹಾಕಸು. ಮೊದಲ ದವಾಖಾನಿಗೆ ನಡಿ. ಸಣ್ಣ ಕೂಸೈತಿ, ಒಂದು ಗಳಿಗಿ ಸೈತ ನಿಲ್ಲಬ್ಯಾಡ."

ಆಟೋದಲ್ಲಿ ಭಾಗಿ ತಾಯಿಯ ತೊಡೆಯ ಮೇಲಿದ್ದಳು, ಅವಳ ಕಾಲುಗಳು ನನ್ನ ಮಡಿಲಲ್ಲಿದ್ದವು. ಮೊದಲು ಅಳುತ್ತಿದ್ದಳು. ಅಳುವವರೆಗೆ ಪರವಾಗಿಲ್ಲ ಎಂದು ನಾನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ನಂತರ ಅಳು ನಿಂತಿತು. ಹಣೆಯಲ್ಲಿ, ಕತ್ತಿನಲ್ಲಿ ಬೆವರು ಹರಿಯತೊಡಗಿತು. ನಮ್ಮೂರಿನ ಸೆಖೆಯಲ್ಲಿ ಮಾತ್ರ ನಾನು ನೋಡಿದ್ದಂಥ ಬೆವರು. ಎರಡು ಸಲ ವಾಂತಿಯಾಯಿತು. ಅವಳ ಪಾದಗಳು ನನ್ನ ಅಂಗೈಯಲ್ಲಿ ತಣ್ಣಗಾಗುತ್ತ ಹೋದವು. ಬಾವಿಯಿಂದ ಆಗಷ್ಟೇ ಎತ್ತಿದ ಕೊಡದಷ್ಟು ತಣ್ಣಗೆ. ನಾನು ಅವನ್ನು ತಿಕ್ಕುತ್ತಲೇ ಇದ್ದೆ.

ದವಾಖಾನೆಯಲ್ಲಿ ಡಾಕ್ಟರಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಎಷ್ಟು ಹೊತ್ತಾಯಿತು, ಯಾವ ಬಣ್ಣದ್ದು, ಇಷ್ಟೇ ಕೇಳಿದರು. ಗುಳಿಗೆ ಕೊಟ್ಟರು, ಸಲೈನ್ ಹಚ್ಚಿದರು. ಎದೆಯ ಬಡಿತ ನೋಡುತ್ತಲೇ ಇದ್ದರು. ಇನ್ನು ಕೆಲವು ತಾಸು ಏನೂ ಹೇಳಲಾಗದು, ಕೈಕಾಲು ಬಿಸಿಯಾಗುತ್ತ ಬಂದರೆ ಔಷಧಿ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ, ಮುಟ್ಟಿ ನೋಡುತ್ತಿರಿ ಎಂದರು. ಆಮೇಲೆ ನನಗೂ ಕಸ್ತೂರಿಗೂ ಇದ್ದ ಕೆಲಸ ಅದೊಂದೇ. ಮಂಚದ ಕಾಲುದೆಸೆಯಲ್ಲಿ ಎರಡು ಕಡೆ ನಿಂತು, ಒಂದೊಂದು ಪಾದವನ್ನು ಹಿಡಿದುಕೊಂಡು ಕಾದೆವು.

ಎಷ್ಟೋ ಹೊತ್ತಿನ ಮೇಲೆ ಕಸ್ತೂರಿ ನನ್ನ ಮುಖ ನೋಡದೆ ಕೇಳಿದಳು.

"ಅಕ್ಕಾರ, ಒಳಗ ಝಾಡಿಸಿ ತಂದಿದ್ರಿ ಇಲ್ರಿ?"

ಝಾಡಿಸಿದ್ದೆ ಎಂದು ಸುಳ್ಳು ಹೇಳಬಹುದಿತ್ತು. ಬಾಯಿಗೆ ಬಂದೂ ಬಂದಿತ್ತು. "ಇಲ್ಲ ಕಸ್ತೂರಿ, ಝಾಡಿಸಿರಲಿಲ್ಲ" ಎಂದೆ. ಬೈದಿದ್ದರೆ, ಎರಡು ಏಟು ಹಾಕಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ಮಗಳ ಪಾದವನ್ನು ಮಾತ್ರ ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.

ಕಿಟಕಿಯ ಹೊರಗೆ ಮಳೆ ಬಿಟ್ಟು ಬಿಸಿಲು ಬಂದಿತ್ತು. ಈ ಊರಿಗೆ ಬಂದಾಗಿನಿಂದ ಆ ಬಿಸಿಲನ್ನು ನಾನು ಬೈಯದ ದಿನವಿಲ್ಲ. ಅಮ್ಮನಿಗೆ ಫೋನಿನಲ್ಲಿ, ಗಂಡನಿಗೆ ಊಟದ ಹೊತ್ತಿನಲ್ಲಿ, ಯಾರೂ ಇಲ್ಲದಾಗ ಗೋಡೆಗೆ, ಒಟ್ಟಿನಲ್ಲಿ ಬೈದದ್ದೇ ಬೈದದ್ದು. ಅಂದು ಆ ಮಂಚದ ಹತ್ತಿರ ನಿಂತು ನಾನು ಬೇಡಿದ್ದು ಬಿಸಿಯನ್ನೇ. ಇಷ್ಟು ಬಿಸಿ ಇರುವ ಊರಿನಲ್ಲಿ ಈ ಎರಡು ಪಾದಕ್ಕೆ ಸಾಕಾಗುವಷ್ಟು ಇಲ್ಲವೇ ಎಂದು ಊರಿನ ಬಸವಣ್ಣನನ್ನೂ ನಮ್ಮೂರಿನ ಅಮ್ಮನವರನ್ನೂ ಕೇಳಿದೆ. ಇಬ್ಬರಿಗೂ ಹರಕೆ ಹೊತ್ತೆ. ಮಗುವಿಗೆ ಏನಾದರೂ ಆದರೆ ಆ ಓಣಿಗೆ ಹಿಂತಿರುಗುವುದು ಹೇಗೆ, ಕಡಲ ಬದಿಗೆ ಹೋಗಿಯಾದರೂ ಮಾಡುವುದೇನು ಎಂದು ಯೋಚಿಸಿದಾಗ ಎರಡೂ ಕಡೆ ನನಗೆ ಜಾಗ ಕಾಣಲಿಲ್ಲ.

ಮಧ್ಯಾಹ್ನ ಕಳೆಯಿತು. ನನ್ನ ಗಂಡ ಹೋಟೆಲ್ ಬಿಟ್ಟು ಬಂದು ಬಾಗಿಲಲ್ಲಿ ನಿಂತರು, ಕಾಕು ಚಹಾದ ಥರ್ಮಾಸ್ ಕಳಿಸಿದರು, ನಾವಿಬ್ಬರೂ ಮುಟ್ಟಲಿಲ್ಲ. ನನ್ನ ಕೈಯಲ್ಲಿದ್ದ ಪಾದ ಬಿಸಿಯಾಯಿತು ಎಂದು ಎರಡು ಮೂರು ಸಲ ಅನ್ನಿಸಿತು. ಅದು ನನ್ನ ಅಂಗೈಯದೇ ಬಿಸಿ ಎಂದು ತಿಳಿದು ಕೈ ತೆಗೆದು, ಗೋಡೆಗೆ ಒರಗಿಸಿ ತಣ್ಣಗೆ ಮಾಡಿಕೊಂಡು ಮತ್ತೆ ಮುಟ್ಟುತ್ತಿದ್ದೆ. ಹೊರಗೆ ಹೊತ್ತು ಇಳಿಯತೊಡಗಿದಾಗ ಕಸ್ತೂರಿ ಮೊದಲ ಬಾರಿ ತಲೆಯೆತ್ತಿದಳು. ಅವಳ ಧ್ವನಿ ಪಿಸುಮಾತಿನಷ್ಟಿತ್ತು.

"ಬೆಚ್ಚಗಾಗಾಕತ್ತೈತ್ರಿ. ಅಕ್ಕಾರ, ನೀವೂ ಮುಟ್ಟಿ ನೋಡ್ರಿ."

ಮುಟ್ಟಿದೆ. ಹೆಬ್ಬೆರಳಿನ ಬುಡದಲ್ಲಿ, ಬಿಸಿಲಿಗೆ ಇಟ್ಟ ಕಲ್ಲು ಆಗಷ್ಟೇ ಕಾಯತೊಡಗಿದಂತೆ ಒಂದಿಷ್ಟು ಬಿಸಿ. ನಾನು ಅಲ್ಲಿಯೇ ನೆಲದ ಮೇಲೆ ಕುಳಿತು ಅತ್ತೆ. ಎರಡು ದಿನದ ನಂತರ ಭಾಗಿ ಮನೆಗೆ ಬಂದಳು.

ಓಣಿ ನನ್ನನ್ನು ದೂರ ಮಾಡಲಿಲ್ಲ. ಆಗುವುದು ಯಾರಿಗಾದರೂ ಆಗುತ್ತದೆ ಎಂದರು. ಕುಪ್ಪಸ ಹೊಲಿಸಲು ಮೊದಲಿನಂತೆಯೇ ಬಂದರು. ನಾನು ಎಲ್ಲರ ಎದುರಿಗೇ ಪಟ್ ಎಂದು ಝಾಡಿಸಿ, ಮಡಿಸದೆ ಕೊಡತೊಡಗಿದೆ. ಕಸ್ತೂರಿಯೂ ಮಾತು ಬಿಡಲಿಲ್ಲ. ಆದರೆ ಭಾಗಿ ನನ್ನ ಮನೆಗೆ ಕಾಲಿಡಲಿಲ್ಲ. ನನ್ನ ಬಾಗಿಲು ಬಂದಾಗ ಓಣಿಯ ಆಚೆ ಬದಿಗೆ ಹೋಗಿ ದಾಟುತ್ತಿದ್ದಳು. ಹೊಸ ಬಟ್ಟೆ ಅಂದರೆ ಅಳುತ್ತಾಳೆ, ಹಳೆಯ ಎರಡು ಅಂಗಿಯನ್ನೇ ಒಗೆದು ಒಗೆದು ಹಾಕುತ್ತಿದ್ದೇನೆ ಎಂದು ಕಸ್ತೂರಿ ಒಮ್ಮೆ ಹೇಳಿದಳು. ಈ ಊರಿನ ಮಗು ಚೇಳಿಗೆ ಹೆದರುವುದು ಸಹಜ. ಅದು ಹೊಸ ಬಟ್ಟೆಗೂ, ಎರಡೂ ಕೈಯಲ್ಲಿ ಬಟ್ಟೆ ಹಿಡಿದು ನಿಂತ ಹೆಂಗಸಿಗೂ ಹೆದರುವಂತೆ ಮಾಡಿದವಳು ನಾನು. ಹೊಲಿಗೆ ಯಂತ್ರದ ಕೆಳಗೆ ಬಣ್ಣದ ಚೂರುಗಳು ರಾಶಿಯಾದವು, ಗುಡಿಸಲು ಮನಸ್ಸಾಗಲಿಲ್ಲ.

ದೀಪಾವಳಿಗೆ ಊರಿಗೆ ಹೋದೆ. ಅಂಗಳದಲ್ಲಿ ಕಡಲಿನ ಗಾಳಿ, ಬಂಗುಡೆ ಸಾರಿನ ಪರಿಮಳ, ಬೆವರಿಗೆ ಅಂಟುವ ಸೀರೆ, ಎಲ್ಲವೂ ಇದ್ದಲ್ಲೇ ಇದ್ದವು. ಅಮ್ಮ ಹಬ್ಬದ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಎರಡೂ ಕೈಯಲ್ಲಿ ಹಿಡಿದು ಬಂದಳು. ಅತ್ತಿಗೆ, ಚಿಕ್ಕಮ್ಮ ಎಲ್ಲ ಸುತ್ತ ಕುಳಿತಿದ್ದರು. ನಾನು ಸೀರೆಯನ್ನು ತೆಗೆದುಕೊಂಡವಳೇ ತುದಿ ಹಿಡಿದು ಅಮ್ಮನ ಎದುರಿಗೇ ಮೂರು ಸಲ ಝಾಡಿಸಿದೆ. ನನಗೆ ಗೊತ್ತಾಗುವ ಮೊದಲೇ ಕೈ ಆ ಕೆಲಸ ಮುಗಿಸಿತ್ತು. ಸೀರೆಯಿಂದ ಒಂದು ನುಸಿಗುಳಿಗೆ ಉರುಳಿ ಬಾಗಿಲವರೆಗೆ ಹೋಯಿತು.

"ಎಂತ ಮಗಳೇ, ಅಮ್ಮ ಕೊಟ್ಟದ್ದನ್ನೂ ಕೊಡವಿ ನೋಡ್ತ್ಯಾ?" ಎಂದಳು ಅಮ್ಮ.

ಭಾಗಿಯ ವಿಷಯ ನಾನು ಅಮ್ಮನಿಗೆ ಹೇಳಿರಲಿಲ್ಲ. ಅಂದು ಎಲ್ಲ ಹೇಳಿದೆ. ಅಮ್ಮ ಕೇಳಿದಳು, ಅತ್ತಳು, ತಲೆ ಸವರಿದಳು. ಇಲ್ಲೇ ಬಂದುಬಿಡಿ, ಆ ಊರು ಬೇಡ ಎಂದಳು. ಆದರೆ ಸೀರೆ ಝಾಡಿಸಿದ್ದನ್ನು ಅವಳ ಮನಸ್ಸು ಪೂರ್ತಿ ಬಿಟ್ಟುಕೊಡಲಿಲ್ಲ, ಅದು ನನಗೆ ಗೊತ್ತಾಗುತ್ತಿತ್ತು. ಅಂದು ಸಂಜೆ ಅಂಗಳಕ್ಕೆ ಇಳಿಯುವಾಗ ಚಪ್ಪಲಿಯನ್ನು ಕಲ್ಲಿಗೆ ಬಡಿದೆ. ಅಣ್ಣ ನಕ್ಕ. ಹಿಂದಿನಿಂದ ಕಡಲಿನ ಸದ್ದು ಬರುತ್ತಿತ್ತು, ಹುಟ್ಟಿದಾಗಿನಿಂದ ಕೇಳಿದ ಸದ್ದು. ಕಸ್ತೂರಿಯ ಪ್ರಶ್ನೆ ನೆನಪಾಗಿ, ಇದರ ಪಕ್ಕದಲ್ಲಿ ಹೇಗೆ ಮಲಗುತ್ತಿದ್ದೆವು ಎಂದು ನನಗೇ ಭಯವಾಯಿತು. ಸಿಂದಗಿಯ ಭಯ ಕಡಿಮೆಯಾಗಿರಲಿಲ್ಲ, ಊರಿನದೊಂದು ಹೊಸದಾಗಿ ಸೇರಿಕೊಂಡಿತ್ತು ಅಷ್ಟೇ. ಅಮ್ಮ ಎಷ್ಟು ಹೇಳಿದರೂ ರಜೆ ಮುಗಿಯುತ್ತಲೇ ಬಸ್ ಹತ್ತಿದೆ. ಯಾಕೆ ಹೊರಟೆ ಎಂದರೆ, ಓಣಿಯ ಆಚೆ ಬದಿಯಲ್ಲಿ ನಡೆಯುವ ಒಂದು ಮಗುವನ್ನು ಹಾಗೇ ಬಿಟ್ಟುಬಿಡುವುದು ನನ್ನಿಂದಾಗಲಿಲ್ಲ.

ಈ ವರ್ಷ ಮತ್ತೆ ಶ್ರಾವಣ ಬಂತು. ಮಳೆಯೂ ಬಂತು. ನಾನು ಸಂಜೆಗೇ ಕಿಟಕಿ ಮುಚ್ಚಿ ಗೋಣಿಚೀಲ ತುರುಕಿದೆ, ಮಣ್ಣಿನ ವಾಸನೆ ಸಂದಿಯಿಂದ ಎಷ್ಟು ಬಂತೋ ಅಷ್ಟೇ. ರೊಟ್ಟಿ ಪಂಚಮಿಗೆ ಹಸಿರು ಬಣ್ಣದ ಒಂದು ಫ್ರಾಕು ಹೊಲಿದಿದ್ದೆ. ಕೊಡುತ್ತೇನೋ ಇಲ್ಲವೋ ಗೊತ್ತಿರಲಿಲ್ಲ. ತೋಳಿಗೆ ನೆರಿಗೆ ಇಡಲಿಲ್ಲ. ಮಡಿಸದೆ, ಕೋಣೆಯ ನಡುವೆ ತಂತಿಗೆ ತೂಗುಹಾಕಿದ್ದೆ.

ಬೆಳಿಗ್ಗೆ ಕಸ್ತೂರಿ ಬುಟ್ಟಿ ಹೊತ್ತು ಬಂದಳು. ರೊಟ್ಟಿಗೆ ಮುಚ್ಚಿದ ಬಟ್ಟೆಯನ್ನು ತೆಗೆದು, ನನ್ನ ಮುಖದೆದುರು ಮೂರು ಸಲ ಝಾಡಿಸಿ, ಮತ್ತೆ ಹಾಸಿ, ಅದರ ಮೇಲೆ ಐದು ರೊಟ್ಟಿ ಇಟ್ಟು ಕೊಟ್ಟಳು. ಅಮ್ಮ ನೋಡಿದ್ದರೆ ಎದ್ದು ಹೋಗುತ್ತಿದ್ದಳು. ನಾನು ಎರಡೂ ಕೈ ಒಡ್ಡಿ ತೆಗೆದುಕೊಂಡೆ. ಕಸ್ತೂರಿಯ ಹಿಂದೆ, ಹೊಸ್ತಿಲ ಹೊರಗೆ, ಭಾಗಿ ನಿಂತಿದ್ದಳು. ಒಂದು ವರ್ಷದಲ್ಲಿ ಉದ್ದವಾಗಿದ್ದಳು. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಅವಳ ಕಣ್ಣು ತಂತಿಯ ಮೇಲಿನ ಹಸಿರಿನ ಮೇಲಿತ್ತು.

ನಾನು ಫ್ರಾಕನ್ನು ಇಳಿಸಿ ಹೊಸ್ತಿಲ ಹತ್ತಿರ ತಂದೆ. ಅವಳ ಎದುರಿಗೇ ಝಾಡಿಸಿದೆ. ಒಳಮೈ ಹೊರಗೆ ಮಾಡಿ ಮತ್ತೆ ಝಾಡಿಸಿದೆ. ತೋಳಿನೊಳಗೆ ನನ್ನ ಕೈಯನ್ನೇ ತೂರಿಸಿ, ಆಚೆಯಿಂದ ಬೆರಳು ಆಡಿಸಿ ತೋರಿಸಿದೆ. ಭಾಗಿ ಅಲುಗಾಡಲಿಲ್ಲ.

"ಇನ್ನೊಮ್ಮಿ" ಎಂದಳು.

ಝಾಡಿಸಿದೆ. ಅವಳು ಮತ್ತೆ ಇನ್ನೊಮ್ಮೆ ಎಂದಳು. ಕಸ್ತೂರಿ ಮಗಳನ್ನು ಗದರಲು ಬಾಯಿ ತೆರೆದಳು, ನಾನು ಬೇಡವೆಂದು ತಲೆಯಾಡಿಸಿದೆ. ಹಬ್ಬದ ದಿನ, ಮನೆಗೆ ಬಂದವರ ಮುಖದೆದುರು, ತೋಳು ಸೋಲುವವರೆಗೆ ಬಟ್ಟೆ ಝಾಡಿಸುತ್ತ ನಿಂತೆ. ಏಳನೆಯದೋ ಎಂಟನೆಯದೋ ಸಲ ಅವಳು ಇನ್ನೊಮ್ಮೆ ಎನ್ನಲಿಲ್ಲ. ಬೆನ್ನ ಹಿಂದಿನಿಂದ ಒಂದು ಕೈಯನ್ನು ಮಾತ್ರ ಮುಂದೆ ತಂದು ಚಾಚಿದಳು.